ಹಿಮ್ಮೇಳದವನ ಹೆಸರು ಮೊದಲು

ಪುತ್ತೂರು

ಚಿ. ಸುಮಂತನಿಗೆ ಮಾವನ ಆಶೀರ್ವಾದಗಳು.

ನೀನು ಕಳಿಸಿದ ನಿಮ್ಮ ಜಾಝ್ ಬ್ಯಾಂಡಿನ ವಿಡಿಯೋ ನೋಡಿದೆ, ಪೋಸ್ಟರಿನ ಫೋಟೋ ಕೂಡ ನೋಡಿದೆ. ಸ್ಯಾಕ್ಸೋಫೋನ್ ಹುಡುಗನ ಹೆಸರು ದಪ್ಪಕ್ಷರದಲ್ಲಿ, ಅದರ ಕೆಳಗೆ ‘ಮತ್ತು ಬಳಗ’. ಆ ಬಳಗದೊಳಗೆ ನೀನು ಎಲ್ಲೋ ಒಂದು ಕಡೆ. ‘ನಾನು ನುಡಿಸಿದ್ದು ಯಾರಿಗೂ ಕೇಳಿಸುವುದೇ ಇಲ್ಲ ಮಾವ, ಬೇಸ್ ಮಾರಿ ಗಿಟಾರ್ ತಗೊಳ್ತೇನೆ’ ಅಂತ ಬರೆದಿದ್ದೀಯಲ್ಲ, ಅದನ್ನು ಓದಿ ಮೊದಲು ನಗು ಬಂತು, ಆಮೇಲೆ ಸ್ವಲ್ಪ ಕೋಪವೂ ಬಂತು. ಕೋಪ ಇಳಿದ ಮೇಲೆ ಈ ಕಾಗದ ಬರೆಯುತ್ತಿದ್ದೇನೆ.

ಕೇಳಿಸದಿರುವುದಕ್ಕೆ ಅರ್ಧ ಕಾರಣ ನಿನ್ನ ಫೋನು, ಮಾರಾಯ. ನಿನ್ನ ವಾದ್ಯದ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಬೆರಳ ಉಗುರಿನಷ್ಟು ದೊಡ್ಡ ಸ್ಪೀಕರು ಅಷ್ಟು ತಗ್ಗಿನ ನಾದವನ್ನು ಹೊರಡಿಸಲಾರದು. ಇಂಜಿನಿಯರಿಂಗ್ ಓದುವ ಹುಡುಗನಿಗೆ ಇದನ್ನು ಬ್ಯಾಂಕಿನಿಂದ ನಿವೃತ್ತನಾದ ನಾನು ಹೇಳಬೇಕೇ? ಒಂದು ಒಳ್ಳೆಯ ಹೆಡ್‌ಫೋನ್ ಸಂಪಾದಿಸು. ಸಂಪಾದಿಸಿದ ಮೇಲೆ, ಬೇರೆ ಏನನ್ನೂ ಹಾಕುವ ಮೊದಲು, ಒಂದು ಆಲ್ಬಂ ಕೇಳು: ‘ಹಿಯರ್ ಯೀ!’. ಡಂಗುರದವನು ಊರನ್ನು ಕರೆಯುವ ಕೂಗು ಅದು. 1961ರ ಕೊನೆಯಲ್ಲಿ ಧ್ವನಿಮುದ್ರಣವಾಗಿ ಅಟ್ಲಾಂಟಿಕ್ ಕಂಪನಿಯಿಂದ ಬಂತು. ತಂಡದ ಹೆಸರು ‘ರೆಡ್ ಮಿಚೆಲ್–ಹ್ಯಾರಲ್ಡ್ ಲ್ಯಾಂಡ್ ಕ್ವಿಂಟೆಟ್’. ಐದು ಜನ, ಇಬ್ಬರು ಯಜಮಾನರು. ಹ್ಯಾರಲ್ಡ್ ಲ್ಯಾಂಡ್ ಟೆನರ್ ಸ್ಯಾಕ್ಸೋಫೋನಿನವನು. ರೆಡ್ ಮಿಚೆಲ್ ಬೇಸಿನವನು. ಯಾರ ಹೆಸರು ಮೊದಲಿದೆ ಅಂತ ನೋಡಿದೆಯಾ?

ನಮ್ಮ ಊರಿನಲ್ಲಿ ಬೆಳೆದವನಿಗೆ ಇದು ಆಶ್ಚರ್ಯ ಆಗಬಾರದು. ಯಕ್ಷಗಾನದ ಆಟದಲ್ಲಿ ಕಿರೀಟ ಇಟ್ಟು ಕುಣಿಯುವವರು ಮುಂದೆ ಇರುತ್ತಾರೆ, ಜನ ಅವರನ್ನೇ ನೋಡುತ್ತಾರೆ, ಆದರೆ ಹಿಂದೆ ಜಾಗಟೆ ಹಿಡಿದು ಕೂತ ಭಾಗವತರನ್ನು ಒಂದನೇ ವೇಷ ಅಂತಲೇ ಹಿರಿಯರು ಕರೆದರು. ಪದ ಎತ್ತುವವರು ಅವರು, ಗತಿ ಏರಿಸಿ ಇಳಿಸುವವರು ಅವರು, ಅರ್ಥ ಉದ್ದವಾದರೆ ಮುಂದಿನ ಪದ ಎತ್ತಿ ನಿಲ್ಲಿಸುವವರೂ ಅವರೇ. ಜಾಝಿನಲ್ಲಿ ನೀನು ಹಿಡಿದಿರುವ ಸ್ಥಾನ ಅದಕ್ಕೆ ತೀರ ಹತ್ತಿರ.

ಕರ್ನಾಟಕ ಸಂಗೀತದ ಕಿವಿಯಿಂದ ಜಾಝಿಗೆ ಹೋದವರಿಗೆ ಬೇಸ್ ತಟ್ಟನೆ ದಕ್ಕುವುದಿಲ್ಲ, ಅದಕ್ಕೊಂದು ಕಾರಣವಿದೆ. ನಮ್ಮಲ್ಲಿ ಆಧಾರ ಷಡ್ಜ ಕಚೇರಿ ಮುಗಿಯುವವರೆಗೂ ಕದಲುವುದಿಲ್ಲ. ತಂಬೂರಿ ಒಂದೇ ನೆಲ ಹಾಸಿಟ್ಟಿರುತ್ತದೆ, ರಾಗ ಬದಲಾದರೂ ನೆಲ ಅದೇ. ಜಾಝಿನಲ್ಲಿ ಅನೇಕ ಸಲ ನೆಲವೇ ಎರಡು ಏಟಿಗೆ, ನಾಲ್ಕು ಏಟಿಗೆ ಜಾಗ ಬದಲಿಸುತ್ತದೆ. ಎಲ್ಲಿಗೆ ಬದಲಿಸಿತು ಅಂತ ಕೇಳುಗನಿಗೆ ಮೊದಲು ಹೇಳುವವನು ಬೇಸಿನವನು. ಸ್ಯಾಕ್ಸೋಫೋನ್ ‘ಇ’ ಸ್ವರ ಹಿಡಿದು ನಿಂತಿದೆ ಅಂದುಕೋ. ಕೆಳಗೆ ನೀನು ‘ಸಿ’ ಮೀಟಿದರೆ ಆ ‘ಇ’ ನಮ್ಮ ಅಂತರ ಗಾಂಧಾರವಾಗಿ ಬೆಳಗುತ್ತದೆ. ನೀನು ‘ಎ’ ಮೀಟಿದರೆ ಅದೇ ‘ಇ’ ಪಂಚಮವಾಗಿ ಹಾಯಾಗಿ ಕೂರುತ್ತದೆ. ಊದುವವನು ಏನೂ ಬದಲಿಸಿಲ್ಲ, ಉಸಿರು ಕೂಡ. ಬದಲಿಸಿದ್ದು ನೀನು. ಗ್ರಹಭೇದ ಮಾಡಿ ಚಪ್ಪಾಳೆ ಗಿಟ್ಟಿಸುವ ವಿದ್ವಾಂಸರನ್ನು ನೋಡಿದ್ದೀಯಲ್ಲ, ಬೇಸಿನವನು ಆ ಕೆಲಸವನ್ನು ಇಡೀ ರಾತ್ರಿ ಚಪ್ಪಾಳೆ ಇಲ್ಲದೆ ಮಾಡುತ್ತಾನೆ.

ಅದರ ಮೇಲೆ ನಡಿಗೆಯ ಕೆಲಸ ಬೇರೆ. ಒಂದು ಮಟ್ಟಿಗೆ, ಅಂದರೆ ನೀವು ‘ಬಾರ್’ ಅನ್ನುವುದಕ್ಕೆ, ನಾಲ್ಕು ಏಟು, ಏಟಿಗೊಂದು ಸ್ವರ. ನಿಮಿಷಕ್ಕೆ 200 ಏಟಿನ ಗತಿಯಲ್ಲಿ ಏಳು ನಿಮಿಷದ ಹಾಡಾದರೆ 1,400 ಸ್ವರ ಆಯಿತು. ಅದೂ ಬರೆದಿಟ್ಟದ್ದಲ್ಲ, ಆ ಗಳಿಗೆಯಲ್ಲಿ ಆರಿಸಿದ್ದು. ನಾಲ್ಕನೇ ಏಟಿನ ಸ್ವರ ಮುಂದಿನ ಮಟ್ಟಿನ ನೆಲಕ್ಕೆ ದಾರಿ ತೋರಿಸಬೇಕು, ಮೊದಲನೆಯದು ಸಂಶಯವಿಲ್ಲದೆ ಇಳಿಯಬೇಕು. ಒಂದು ಕಡೆ ಎಡವಿದರೆ ಪಿಯಾನೋದವನು ಮುಖ ಎತ್ತಿ ನೋಡುತ್ತಾನೆ. ನಿನ್ನ ವಿಡಿಯೋದಲ್ಲಿ ಆ ಹುಡುಗ ಒಮ್ಮೆ ಹಾಗೆ ನೋಡಿದ್ದನ್ನು ನಾನು ಗಮನಿಸಿದೆ ಕೂಡ. ಇರಲಿ.

ಇನ್ನು ಈ ರೆಡ್ ಮಿಚೆಲ್ ಯಾರು ಅಂತ ಹೇಳುತ್ತೇನೆ. ನಿನಗೆ ಅವನು ಬೇಕಾದವನು. 1927ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದವನು, ಕೀತ್ ಮಿಚೆಲ್ ಅಂತ ನಿಜವಾದ ಹೆಸರು. ಪಿಯಾನೋ, ಸ್ಯಾಕ್ಸೋಫೋನ್, ಕ್ಲಾರಿನೆಟ್ ಎಲ್ಲ ಕಲಿತ. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಇಂಜಿನಿಯರಿಂಗ್ ಓದಿದ (ಅಕ್ಕನಿಗೆ ಈ ಸಾಲು ಓದಿ ಹೇಳಬೇಡ). ಬೇಸ್ ಅವನ ಕೈಗೆ ಬಂದದ್ದು ಸೈನ್ಯಕ್ಕೆ ಸೇರಿ ಅಲ್ಲಿನ ಬ್ಯಾಂಡಿನಲ್ಲಿದ್ದಾಗ, ಅಂದರೆ ನಿನಗಿಂತ ತಡವಾಗಿ. ಅಲ್ಲಿಂದ ಕೆಲವೇ ವರ್ಷದಲ್ಲಿ ವುಡಿ ಹರ್ಮನ್‌ನ ದೊಡ್ಡ ಬ್ಯಾಂಡಿನಲ್ಲಿ ಕೆಲಸ ಸಿಕ್ಕಿತು. 1951ರಲ್ಲಿ ಕ್ಷಯ ಹಿಡಿದು ಆಸ್ಪತ್ರೆ ಸೇರಬೇಕಾಯಿತು. ಎದ್ದು ಬಂದವನು ರೆಡ್ ನಾರ್ವೋನ ತ್ರಯದಲ್ಲಿ ನುಡಿಸಿದ. ಆ ಗುಂಪಿನಲ್ಲಿ ಡ್ರಮ್ಮೇ ಇರಲಿಲ್ಲ! ವೈಬ್ರಫೋನ್, ಗಿಟಾರ್, ಬೇಸ್, ಅಷ್ಟೇ. ತಾಳದ ಹೊರೆ ಪೂರ್ತಿ ಬೇಸಿನವನ ಬೆನ್ನಿಗೆ. ಆಮೇಲೆ ಲಾಸ್ ಏಂಜಲೀಸಿನಲ್ಲಿ ನೆಲೆಸಿ ಹ್ಯಾಂಪ್ಟನ್ ಹಾಸ್ ಎಂಬ ಅದ್ಭುತ ಪಿಯಾನೋ ವಾದಕನ ಜೊತೆ 1955ರಿಂದ ರೆಕಾರ್ಡುಗಳನ್ನು ಮಾಡಿದ.

ಅವನ ಕೈಯ ವಿಷಯ ನಿನಗೆ ಮುಖ್ಯ. ಆ ಕಾಲದ ಬೇಸಿನವರಲ್ಲಿ ಹೆಚ್ಚಿನವರು ಬಲಗೈಯ ಒಂದು ಬೆರಳಿನಿಂದ, ಇಲ್ಲವೇ ಎರಡನ್ನೂ ಒಟ್ಟಿಗೆ ಸೇರಿಸಿ ತಂತಿ ಎಳೆಯುತ್ತಿದ್ದರು. ಮಿಚೆಲ್ ತೋರುಬೆರಳು, ನಡುಬೆರಳು ಎರಡನ್ನೂ ಒಂದಾದ ಮೇಲೊಂದರಂತೆ ಬಿಡಿಬಿಡಿಯಾಗಿ ಓಡಿಸುವುದನ್ನು ಸಾಧಿಸಿದ. ಅದರಿಂದ ಬೇಸಿಗೆ ಊದುವ ವಾದ್ಯದ ಓಟ ಬಂತು. ಉದ್ದುದ್ದ ವಾಕ್ಯ ಹೇಳುವ ಶಕ್ತಿ ಬಂತು. ಇದನ್ನು ಅವನಿಂದ ಕಲಿತವರಲ್ಲಿ ಸ್ಕಾಟ್ ಲಫಾರೋ ಒಬ್ಬ. ಪಿಯಾನೋದ ಬಿಲ್ ಇವಾನ್ಸ್‌ನ ಜೊತೆ 1961ರ ಜೂನ್‌ನಲ್ಲಿ ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಕ್ಲಬ್ಬಿನಲ್ಲಿ ನುಡಿಸಿ, ಹನ್ನೊಂದೇ ದಿನದಲ್ಲಿ ಕಾರ್ ಅಪಘಾತದಲ್ಲಿ 25ನೇ ವಯಸ್ಸಿಗೆ ಹೋಗಿಬಿಟ್ಟನಲ್ಲ, ಅವನೇ. ನಿನ್ನ ಗೋಡೆಯ ಮೇಲೆ ಅವನ ಚಿತ್ರವಿದೆ. ಅವನ ಗುರುಸ್ಥಾನದವನ ಹೆಸರು ನಿನಗೆ ಗೊತ್ತಿರಲಿಲ್ಲ ಅಂದರೆ ಅದು ನಿನ್ನ ತಪ್ಪಲ್ಲ, ಬೇಸಿನವರ ಹಣೆಬರಹವೇ ಅಷ್ಟು.

ಇನ್ನೊಂದು ಸಂಗತಿ. ಸ್ಯಾಕ್ಸೋಫೋನಿನ ಆರ್ನೆಟ್ ಕೋಲ್ಮನ್ ಲಾಸ್ ಏಂಜಲೀಸಿನಲ್ಲಿ ಕೆಲಸ ಸಿಗದೆ ಅಲೆಯುತ್ತಿದ್ದ. ಅವನು ಊದುವುದು ಅಪಸ್ವರ ಅಂತ ಅನೇಕರು ಅವನನ್ನು ವೇದಿಕೆ ಹತ್ತಲೂ ಬಿಡುತ್ತಿರಲಿಲ್ಲ. ಅವನ ರಚನೆಗಳನ್ನು ಕೇಳಿ, ಇವನ್ನು ಕಂಟೆಂಪೊರರಿ ರೆಕಾರ್ಡ್ಸ್‌ನ ಲೆಸ್ಟರ್ ಕೋನಿಗ್‌ಗೆ ತೋರಿಸು ಅಂತ ದಾರಿ ಹೇಳಿದವನು ರೆಡ್ ಮಿಚೆಲ್. ಅದರ ಫಲವಾಗಿ 1958ರಲ್ಲಿ ಕೋಲ್ಮನ್‌ನ ಮೊದಲ ಆಲ್ಬಂ ಬಂತು. ಮುಂದಿನ ಆಲ್ಬಮ್ಮಿನ ಕೆಲವು ಹಾಡುಗಳಿಗೆ ಮಿಚೆಲ್ ತಾನೇ ಬೇಸ್ ಹಿಡಿದ. ಕೆಳಗಿನಿಂದ ಕೇಳುವವನಿಗೆ ಮೇಲಿನವರಿಗಿಂತ ಹೆಚ್ಚು ಕೇಳಿಸುತ್ತದೆ ಅಂತ ನಾನು ಸುಮ್ಮನೆ ಹೇಳುವುದಲ್ಲ.

ಹ್ಯಾರಲ್ಡ್ ಲ್ಯಾಂಡ್‌ನ ಕತೆ ಬೇರೆ ತರಹದ್ದು. 1928ರಲ್ಲಿ ಟೆಕ್ಸಸ್‌ನ ಹ್ಯೂಸ್ಟನ್‌ನಲ್ಲಿ ಹುಟ್ಟಿ ಸ್ಯಾನ್ ಡಿಯೇಗೋದಲ್ಲಿ ಬೆಳೆದ. ಕೋಲ್ಮನ್ ಹಾಕಿನ್ಸ್‌ನ ‘ಬಾಡಿ ಅಂಡ್ ಸೋಲ್’ ಕೇಳಿ ಸ್ಯಾಕ್ಸೋಫೋನ್ ಹುಚ್ಚು ಹತ್ತಿತು. 1954ರಲ್ಲಿ ಲಾಸ್ ಏಂಜಲೀಸಿಗೆ ಬಂದವನು ಸ್ಯಾಕ್ಸೋಫೋನಿನ ಎರಿಕ್ ಡಾಲ್ಫಿಯ ಮನೆಯಲ್ಲಿ ಹುಡುಗರು ಸೇರಿ ಬಾರಿಸುವ ಕೂಟಗಳಿಗೆ ಹೋಗುತ್ತಿದ್ದ. ಅಲ್ಲಿ ಅವನನ್ನು ಕೇಳಿದ ಟ್ರಂಪೆಟ್ಟಿನ ಕ್ಲಿಫರ್ಡ್ ಬ್ರೌನ್ ತಮ್ಮ ತಂಡಕ್ಕೆ ಎಳೆದುಕೊಂಡ. ಬ್ರೌನ್ ಮತ್ತು ಡ್ರಮ್ಮಿನ ಮ್ಯಾಕ್ಸ್ ರೋಚ್ ಜಂಟಿಯಾಗಿ ನಡೆಸುತ್ತಿದ್ದ ಆ ತಂಡ ಆಗ ಇಡೀ ಅಮೆರಿಕದಲ್ಲಿ ಮುಂಚೂಣಿಯ ಹಾರ್ಡ್ ಬಾಪ್ (ಅದೇನು ಅಂತ ಮುಂದೆ ಹೇಳುತ್ತೇನೆ) ತಂಡಗಳಲ್ಲಿ ಒಂದು. ಅವರ ‘ಸ್ಟಡಿ ಇನ್ ಬ್ರೌನ್’ ಆಲ್ಬಂ ಕೇಳಿದರೆ ಲ್ಯಾಂಡ್ ಆಗಲೇ ಎಷ್ಟು ಪಳಗಿದ್ದ ಅಂತ ತಿಳಿಯುತ್ತದೆ. 1955ರ ಕೊನೆಗೆ ಮನೆಯಲ್ಲಿ ಅಜ್ಜಿಗೆ ಕಾಯಿಲೆ ಅಂತ ತಂಡ ಬಿಟ್ಟು ಕ್ಯಾಲಿಫೋರ್ನಿಯಾಕ್ಕೆ ಮರಳಿದ. ಅವನ ಜಾಗಕ್ಕೆ ಬಂದವನು ಸನ್ನಿ ರಾಲಿನ್ಸ್. ಆರೇಳು ತಿಂಗಳಲ್ಲಿ, 1956ರ ಜೂನ್‌ನಲ್ಲಿ, ಬ್ರೌನ್ ರಸ್ತೆ ಅಪಘಾತದಲ್ಲಿ ತೀರಿಕೊಂಡ. ಪಿಯಾನೋದ ರಿಚಿ ಪೊವೆಲ್ ಮತ್ತು ಅವನ ಹೆಂಡತಿ ಕೂಡ ಅದೇ ಕಾರಿನಲ್ಲಿದ್ದರು.

ಜಾಝ್ ಬರೆಯುವವರು ಲ್ಯಾಂಡ್‌ನ ಬಗ್ಗೆ ಎತ್ತಿದರೆ ಸಾಕು, ಅಯ್ಯೋ ನ್ಯೂಯಾರ್ಕಿನಲ್ಲಿ ಇದ್ದಿದ್ದರೆ ಎಲ್ಲಿಗೋ ಹೋಗುತ್ತಿದ್ದ ಅಂತ ಶುರು ಮಾಡುತ್ತಾರೆ. ನನಗೆ ಈ ಮರುಕ ಹಿಡಿಸುವುದಿಲ್ಲ. ಅಜ್ಜಿಗಾಗಿ ಮನೆಗೆ ಬಂದವನನ್ನು ಸೋತವನು ಅನ್ನುವುದು ಯಾವ ಲೆಕ್ಕ? ಬಂದವನು ಸುಮ್ಮನೆ ಕೂರಲಿಲ್ಲ. ಕರ್ಟಿಸ್ ಕೌನ್ಸ್ ಎಂಬ ಬೇಸ್ ವಾದಕನ ತಂಡದಲ್ಲಿ ಎರಡು ವರ್ಷ ಊದಿದ. 1959ರಲ್ಲಿ ‘ದ ಫಾಕ್ಸ್’ ಎಂಬ ಉರಿಯುವ ಕೆಂಡದಂಥ ಆಲ್ಬಂ ಮಾಡಿದ. ಬೇಸಿನವನ ಯಜಮಾನಿಕೆಯಲ್ಲಿ ಊದುವುದು ಅವನಿಗೆ ಹೊಸದಲ್ಲ ಅನ್ನುವುದನ್ನು ನೆನಪಿಡು, ಮುಂದೆ ಮಿಚೆಲ್ ಜೊತೆ ಸೇರುವಾಗ ಅದು ಕೆಲಸಕ್ಕೆ ಬಂದಿರಬೇಕು.

ಲಾಸ್ ಏಂಜಲೀಸಿನ ಪರಿಸ್ಥಿತಿಯನ್ನೂ ಸ್ವಲ್ಪ ತಿಳಿದುಕೋ. 1950ರ ದಶಕದಲ್ಲಿ ಲಾಸ್ ಏಂಜಲೀಸ್ ಜಾಝ್ ಅಂದರೆ ಹೊರಗಿನವರಿಗೆ ಜೆರಿ ಮಲಿಗನ್, ಚೆಟ್ ಬೇಕರ್ ಅವರ ತಣ್ಣಗಿನ ‘ಕೂಲ್’ ಶೈಲಿ, ಸಮುದ್ರದ ದಂಡೆಯ ಬಿಳಿಯ ಹುಡುಗರು. ಚಾರ್ಲಿ ಪಾರ್ಕರ್‌ನ ಬೀಬಾಪ್‌ಗೆ ಕರಿಯರ ಚರ್ಚಿನ ಹಾಡು, ಬ್ಲೂಸ್ ಎರಡನ್ನೂ ಮತ್ತೆ ಬೆರೆಸಿ ಆರ್ಟ್ ಬ್ಲೇಕಿ, ಹೊರೇಸ್ ಸಿಲ್ವರ್ ಮುಂತಾದವರು ಕಟ್ಟಿದ ಹಾರ್ಡ್ ಬಾಪ್ ನ್ಯೂಯಾರ್ಕಿನ ಸೊತ್ತು ಅಂತ ಎಲ್ಲರ ಭಾವನೆ. ಅದನ್ನೇ ಅಷ್ಟೇ ಬಿಸಿಯಾಗಿ ಲಾಸ್ ಏಂಜಲೀಸಿನಲ್ಲಿ ನುಡಿಸುತ್ತಿದ್ದ ಲ್ಯಾಂಡ್, ಟೆಡ್ಡಿ ಎಡ್ವರ್ಡ್ಸ್, ಫ್ರ್ಯಾಂಕ್ ಬಟ್ಲರ್ ಮೊದಲಾದ ಕರಿಯ ಕಲಾವಿದರ ಕಡೆ ಯಾರೂ ತಿರುಗಲಿಲ್ಲ. ಸಂಗೀತಗಾರರ ಯೂನಿಯನ್ನೇ ಎರಡಾಗಿತ್ತು. ಬಿಳಿಯರಿಗೆ ಲೋಕಲ್ 47, ಕರಿಯರಿಗೆ ಲೋಕಲ್ 767. ಬಡ್ಡಿ ಕೊಲೆಟ್ ಮುಂತಾದವರು ಹೋರಾಡಿ 1953ರಲ್ಲಿ ಎರಡನ್ನೂ ಒಂದು ಮಾಡಿದರು. ಹಾಗೆ ಒಂದಾಗಿ ಎಂಟು ವರ್ಷವಾದ ಮೇಲೆ ಕರಿಯನೊಬ್ಬ ಬಿಳಿಯನೊಬ್ಬ ತಮ್ಮಿಬ್ಬರ ಹೆಸರನ್ನೂ ಒಂದೇ ಅಳತೆಯಲ್ಲಿ ಇಟ್ಟು ಕಟ್ಟಿದ ತಂಡ ಇದು. ಮಿಚೆಲ್ ಸಿನಿಮಾ ಸ್ಟುಡಿಯೋಗಳಲ್ಲಿ ಚೆನ್ನಾಗಿ ಸಂಪಾದಿಸುತ್ತಿದ್ದ. ಅವನಿಗೆ ಈ ತಂಡ ಕಟ್ಟುವ ದರ್ದು ಏನೂ ಇರಲಿಲ್ಲ, ಸಂಗೀತದ ಆಸೆಯೊಂದನ್ನು ಬಿಟ್ಟು.

ಉಳಿದ ಮೂವರು: ಟ್ರಂಪೆಟ್ಟಿಗೆ ಕಾರ್ಮೆಲ್ ಜೋನ್ಸ್, ಪಿಯಾನೋಗೆ ಫ್ರ್ಯಾಂಕ್ ಸ್ಟ್ರಾಝೆರಿ, ಡ್ರಮ್ಮಿಗೆ ಲಿಯಾನ್ ಪೆಟ್ಟೀಸ್. ಜೋನ್ಸ್ ಕಾನ್ಸಸ್ ಸಿಟಿಯ ಹುಡುಗ, ಕ್ಯಾಲಿಫೋರ್ನಿಯಾಕ್ಕೆ ಬಂದು ಹೆಚ್ಚು ದಿನ ಆಗಿರಲಿಲ್ಲ. ಅವನ ಊದುವಿಕೆಯಲ್ಲಿ ಕ್ಲಿಫರ್ಡ್ ಬ್ರೌನ್‌ನ ನೆರಳು ಕಾಣುತ್ತದೆ. ಬ್ರೌನ್‌ನ ಪಕ್ಕದಲ್ಲೇ ನಿಂತು ಊದಿದ್ದ ಲ್ಯಾಂಡ್‌ಗೆ ಅದು ಹೇಗೆ ಕೇಳಿಸಿತ್ತೋ. ಮುಂದೆ ಹೊರೇಸ್ ಸಿಲ್ವರ್‌ನ ‘ಸಾಂಗ್ ಫಾರ್ ಮೈ ಫಾದರ್’ನಲ್ಲಿ ಊದಿದ ಟ್ರಂಪೆಟ್ ಇವನದೇ. ಸ್ಟ್ರಾಝೆರಿ ಆಮೇಲೊಂದು ಕಾಲಕ್ಕೆ ಎಲ್ವಿಸ್ ಪ್ರೀಸ್ಲಿಯ ಜೊತೆ ಊರೂರು ಸುತ್ತಿದ. ಹೊಟ್ಟೆಪಾಡು ಯಾರನ್ನೂ ಬಿಟ್ಟದ್ದಲ್ಲ.

ಆಲ್ಬಮ್ಮಿನಲ್ಲಿ ಆರು ಹಾಡು. ಒಂದೂ ಹೊರಗಿನಿಂದ ತಂದದ್ದಲ್ಲ, ಎಲ್ಲ ತಂಡದವರೇ ಕಟ್ಟಿದ್ದು. ‘ಟ್ರಿಪ್ಲಿನ್ ಅವೈಲ್’, ‘ಕ್ಯಾಟಕೂಂಬ್’ ಲ್ಯಾಂಡ್‌ನವು. ‘ರೋಸೀಸ್ ಸ್ಪಿರಿಟ್’ ಮತ್ತು ‘ಹಿಯರ್ ಯೀ!’ ಮಿಚೆಲ್‌ನವು. ‘ಸೊಮಾರಾ’ ಜೋನ್ಸ್‌ನದು, ‘ಪಾರಿ ಪಾಸು’ ಸ್ಟ್ರಾಝೆರಿಯದು. ಇದನ್ನು ಯಾಕೆ ಒತ್ತಿ ಹೇಳುತ್ತೇನೆ ಅಂದರೆ, ಯಜಮಾನರಿಬ್ಬರೂ ಸಮಸಮ ಎರಡೆರಡು ಇಟ್ಟುಕೊಂಡು ಉಳಿದೆರಡನ್ನು ತಮಗಿಂತ ಕಿರಿಯ ಹೆಸರಿನವರಿಗೆ ಬಿಟ್ಟುಕೊಟ್ಟಿದ್ದಾರೆ. ಮತ್ತೆ ಆಲ್ಬಮ್ಮಿನ ಹೆಸರು ಬೇಸಿನವನ ರಚನೆಯದು. ನಿಮ್ಮ ಬ್ಯಾಂಡಿನಲ್ಲಿ ನೀನು ಇದುವರೆಗೆ ಒಂದು ಹಾಡನ್ನಾದರೂ ಕಟ್ಟಿ ತಂದಿದ್ದೀಯಾ? ಕಟ್ಟದೆ ಪೋಸ್ಟರಿನಲ್ಲಿ ಹೆಸರು ಕೇಳುವುದು ನ್ಯಾಯವಲ್ಲ. ಆ ಸ್ಯಾಕ್ಸೋಫೋನ್ ಹುಡುಗ ಮೂರು ಹಾಡು ಕಟ್ಟಿದ್ದಾನೆ ಅಂತ ನೀನೇ ಬರೆದಿದ್ದೀ.

ಕೇಳುವಾಗ ಮೊದಲು ಹಾಗೇ ಕೇಳು, ಊಟದ ಹಾಗೆ, ವಿಚಾರ ಮಾಡದೆ. ಟ್ರಂಪೆಟ್ಟೂ ಟೆನರೂ ಜೊತೆಯಾಗಿ ಪಲ್ಲವಿಯನ್ನು ಹೇಳಿ, ಒಬ್ಬೊಬ್ಬರೇ ಬಿಡಿಸಿ, ಕೊನೆಗೆ ಮತ್ತೆ ಪಲ್ಲವಿಗೆ ಬಂದು ಸೇರುವ ಹಾರ್ಡ್ ಬಾಪ್‌ನ ಮಾಮೂಲಿ ಮೈಕಟ್ಟು. ಲ್ಯಾಂಡ್‌ನ ನಾದ ಒಣಗಿದ್ದು, ಸ್ವಲ್ಪ ಕಪ್ಪು, ಸಿಹಿ ಕಡಿಮೆ. ಮೆಚ್ಚಿಸಲು ಊದುವವನಲ್ಲ ಅವನು. ವಾಕ್ಯವನ್ನು ಅರ್ಧಕ್ಕೆ ಬಿಟ್ಟು ಹೋಗುವುದೂ ಇಲ್ಲ. ಇನ್ನೊಂದು ದಿನ ಅದೇ ಆಲ್ಬಂ ಹಾಕಿ ಲ್ಯಾಂಡ್ ಊದುವಾಗ ಅವನನ್ನು ಬಿಟ್ಟುಬಿಡು. ಕಿವಿಯನ್ನು ಕೆಳಕ್ಕೆ ಇಳಿಸಿ ಮಿಚೆಲ್‌ನನ್ನು ಮಾತ್ರ ಹಿಂಬಾಲಿಸು. ಕಷ್ಟ ಆಗುತ್ತದೆ, ಕಿವಿ ಮತ್ತೆ ಮತ್ತೆ ಮೇಲಕ್ಕೆ ಜಿಗಿಯುತ್ತದೆ. ಹಿಡಿದು ತಂದು ಕೂರಿಸು. ಅವನು ಎಲ್ಲಿ ತಗ್ಗಿನಲ್ಲಿ ನಡೆಯುತ್ತಾನೆ, ಎಲ್ಲಿ ಮೇಲಿನ ಸ್ಥಾಯಿಗೆ ಹತ್ತುತ್ತಾನೆ ನೋಡು. ಆಮೇಲೆ ಅವನದೇ ಸರದಿ ಬಂದಾಗ, ಅದೇ ಕೈ ಹೇಗೆ ಸ್ಯಾಕ್ಸೋಫೋನಿನವನ ಹಾಗೆ ಮಾತಾಡುತ್ತದೆ ಅಂತ ಕೇಳು. ಬೇಸಿನ ಸೋಲೋ ಬಂತು ಅಂದರೆ ಜನ ಕಾಫಿಗೆ ಏಳುವುದು ವಾಡಿಕೆ. ನಮ್ಮ ಕಡೆ ತನಿ ಆವರ್ತನಕ್ಕೆ ಏಳುವವರ ವಂಶವೇ ಅದು. ಈ ಆಲ್ಬಮ್ಮಿನಲ್ಲಿ ಏಳಬೇಕು ಅಂತ ನನಗೆ ಯಾವತ್ತೂ ಅನ್ನಿಸಿಲ್ಲ.

ಅಟ್ಲಾಂಟಿಕ್‌ನ ಜಾಝ್ ವಿಭಾಗ ಆಗ ನೆಸುಹಿ ಎರ್ಟೆಗುನ್ ಕೈಯಲ್ಲಿತ್ತು. ಟರ್ಕಿಯ ರಾಯಭಾರಿಯ ಮಗ. ಆತ ಹಿಂದೆ ಲಾಸ್ ಏಂಜಲೀಸಿನಲ್ಲಿ ಇದ್ದವನು, ಊರಿನ ಸತ್ವ ಗೊತ್ತಿದ್ದವನು. ಆದರೆ ಅದೇ ಕಂಪನಿಯಿಂದ ಅದೇ ಸುಮಾರಿಗೆ ಸ್ಯಾಕ್ಸೋಫೋನಿನ ಜಾನ್ ಕೋಲ್‌ಟ್ರೇನ್‌ನ ‘ಜೈಂಟ್ ಸ್ಟೆಪ್ಸ್’, ಆರ್ನೆಟ್ ಕೋಲ್ಮನ್‌ನ ‘ದ ಶೇಪ್ ಆಫ್ ಜಾಝ್ ಟು ಕಮ್’ ಬಂದಿದ್ದವು. ಲೋಕ ತಲೆಕೆಳಗಾಗುತ್ತಿರುವಾಗ ನೆಟ್ಟಗೆ, ಅಚ್ಚುಕಟ್ಟಾಗಿ ನುಡಿಸಿದ ಒಂದು ಆಲ್ಬಮ್ಮಿನ ಕಡೆ ಯಾರು ತಿರುಗುತ್ತಾರೆ? ತಂಡ ಬಹುಕಾಲ ಉಳಿಯಲಿಲ್ಲ. ನನ್ನ ತೀರ್ಪು ಕೇಳಿದರೆ, ಇದು ಚರಿತ್ರೆ ಬದಲಿಸಿದ ಆಲ್ಬಂ ಅಲ್ಲ, ಚರಿತ್ರೆ ಬದಲಿಸಿದ ಕೆಲವಕ್ಕಿಂತ ಹೆಚ್ಚು ಸಲ ಕೇಳಿಸಿಕೊಳ್ಳುವ ಆಲ್ಬಂ.

ಅನಂತರ ಇಬ್ಬರದೂ ದಾರಿ ಬೇರೆಯಾಯಿತು. ಲ್ಯಾಂಡ್ ಕೋಲ್‌ಟ್ರೇನ್‌ನನ್ನು ಕೇಳಿ ತನ್ನ ಶೈಲಿಯನ್ನೇ ಅಲುಗಾಡಿಸಿಕೊಂಡ. ವೈಬ್ರಫೋನಿನ ಬಾಬಿ ಹಚರ್ಸನ್ ಜೊತೆ ಮತ್ತೊಂದು ಜಂಟಿ ತಂಡ ಕಟ್ಟಿದ. ಕೊನೆಯ ವರ್ಷಗಳಲ್ಲಿ ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದ. 2001ರಲ್ಲಿ ತೀರಿಕೊಂಡ. ಮಿಚೆಲ್ ಮಾತ್ರ ಇನ್ನೂ ವಿಚಿತ್ರ ಮನುಷ್ಯ. 1966ರಲ್ಲಿ, ಹೆಸರು ಸಂಪಾದಿಸಿ ಆದ ಮೇಲೆ, ತನ್ನ ಬೇಸಿನ ಶ್ರುತಿಯನ್ನೇ ಬದಲಿಸಿದ. ನೀನು ಇ–ಎ–ಡಿ–ಜಿ ಅಂತ ಇಡುತ್ತೀಯಲ್ಲ, ತಂತಿಯಿಂದ ತಂತಿಗೆ ಮಧ್ಯಮದ ಅಂತರ. ಅವನು ಚೆಲ್ಲೋ ವಾದ್ಯದ ಹಾಗೆ ಸಿ–ಜಿ–ಡಿ–ಎ ಅಂತ ಪಂಚಮದ ಅಂತರಕ್ಕೆ ಇಟ್ಟ. ಅಂದರೆ ಅಷ್ಟು ವರ್ಷ ಕೂಡಿಸಿಟ್ಟ ಬೆರಳುಗಳ ಜ್ಞಾನವನ್ನು ಚೆಲ್ಲಿ ಹೊಸದಾಗಿ ಕಲಿಯುವುದು. ಆಮೇಲೆ ಕೊನೆಯವರೆಗೂ ಹಳೆಯ ಶ್ರುತಿಗೆ ಮರಳಲಿಲ್ಲ. 1968ರಲ್ಲಿ ಸ್ವೀಡನ್‌ಗೆ ಹೋಗಿ ಸ್ಟಾಕ್‌ಹೋಮಿನಲ್ಲಿ ನೆಲೆಸಿದ. ಎರಡೇ ವಾದ್ಯದ ಜೋಡಿ ವಾದನದಲ್ಲಿ ಹೆಸರಾದ. 1992ರಲ್ಲಿ ಅಮೆರಿಕಕ್ಕೆ ಮರಳಿ ಅದೇ ವರ್ಷ ಆರೆಗಾನಿನಲ್ಲಿ ತೀರಿಕೊಂಡ.

ಇವರೆಲ್ಲ ನಮಗೆ ಎಷ್ಟು ದೂರದವರು ಅಂತ ನಿನಗೆ ಅನ್ನಿಸಬಹುದು. ನಾನು ಹುಡುಗನಾಗಿದ್ದಾಗ ರೇಡಿಯೋದ ಶಾರ್ಟ್‌ವೇವ್‌ನಲ್ಲಿ ವಿಲ್ಲಿಸ್ ಕಾನೋವರ್ ನಿಧಾನವಾಗಿ, ಒಂದೊಂದೇ ಶಬ್ದ ಬಿಡಿಸಿ ಜಾಝ್ ಪರಿಚಯಿಸುತ್ತಿದ್ದ. ಅವನಿಂದ ಅಂಟಿದ ಗೀಳು ಇದು. ಆ ದಿನಗಳಲ್ಲಿ ಸ್ಯಾಕ್ಸೋಫೋನ್ ನಮ್ಮ ಕಡೆ ಬ್ಯಾಂಡ್‌ಸೆಟ್ಟಿನ ವಾದ್ಯ. ಬಂಟ್ವಾಳದ ಹತ್ತಿರದ ನಾಗಸ್ವರದವರ ಮನೆಯಿಂದ ಬಂದ ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಅದನ್ನು ಕೇಳಿ ಮನಸೋತು, ವರ್ಷಗಟ್ಟಲೆ ಸಾಧನೆ ಮಾಡಿ ಕಚೇರಿಗೆ ತಂದರು. 1980ರಲ್ಲಿ ಮುಂಬೈಯ ಜಾಝ್ ಉತ್ಸವದಲ್ಲಿ ಅವರನ್ನು ಕೇಳಿದ ಅಮೆರಿಕದ ಜಾನ್ ಹ್ಯಾಂಡಿ ತನ್ನ ಜೊತೆ ನುಡಿಸಲು ಕರೆದ. 2008ರಲ್ಲಿ ಅಮೆರಿಕದ ಸ್ಯಾಕ್ಸೋಫೋನ್ ವಾದಕ ರುದ್ರೇಶ್ ಮಹಾಂತಪ್ಪನ ಜೊತೆ ‘ಕಿನ್ಸ್‌ಮೆನ್’ ಆಲ್ಬಂ ಬಂತು. ಅದರಲ್ಲಿ ಎರಡು ಸ್ಯಾಕ್ಸೋಫೋನ್, ಪಿಟೀಲು, ಮೃದಂಗ ಎಲ್ಲದರ ಅಡಿಯಲ್ಲಿ ಕಾರ್ಲೋ ಡಿ ರೋಸಾ ಎಂಬವನ ಬೇಸ್ ಇದೆ. ಆ ಆಲ್ಬಂ ನಿನಗೆ ಬಾಯಿಪಾಠ. ಡಿ ರೋಸಾನ ಹೆಸರು ಗೊತ್ತಿತ್ತಾ?

ಇಷ್ಟು ಸಾಕು. ಬೇಸ್ ಮಾರಬೇಡ. ಮಾರುವುದೇ ಆದರೆ ಮಾವನಿಗೆ ಹೇಳದೆ ಮಾರಬೇಡ. ಆ ಸ್ಯಾಕ್ಸೋಫೋನ್ ಹುಡುಗನನ್ನೂ ಕರೆದು, ಇಬ್ಬರೂ ಒಟ್ಟಿಗೆ ಕೂತು ‘ಕ್ಯಾಟಕೂಂಬ್’ ಕೇಳಿ. ಆಮೇಲೆ ಲ್ಯಾಂಡ್ ಏನು ಮಾಡಿದ ಅಂತ ನೀನು ಬರೆ, ಮಿಚೆಲ್ ಏನು ಮಾಡಿದ ಅಂತ ಅವನು ಬರೆಯಲಿ. ಎರಡನ್ನೂ ನನಗೆ ಕಳಿಸಿ. ವಾಟ್ಸಾಪಿನಲ್ಲಿ ಬೇಡ, ಕಾಗದದಲ್ಲಿ.

ಇಂತಿ ನಿನ್ನ ಮಾವ